ಮರಿಗೆ ಕುಡಿದ ಎಣ್ಣೆ

ನಮ್ಮ ಅಜ್ಜಿಮನೆಯ ಉಪ್ಪಿನ ಮರಿಗೆಯನ್ನು ಹಾಳು ಮಾಡಿದ್ದು ನಾನೇ. ಗೆದ್ದಲು, ಮಳೆ, ಗುಜರಿ ಅಂಗಡಿ ಎಲ್ಲದರಿಂದ ತಪ್ಪಿಸಿಕೊಂಡು ಬಂದಿದ್ದ ಆ ಪಾತ್ರೆ, ಮನೆಬಳಕೆಯ ಮರದ ಪಾತ್ರೆಗಳ ಮೇಲೆ ಪಿಎಚ್.ಡಿ. ಮಾಡಲು ಹೊರಟ ನನ್ನ ಕೈಗೆ ಸಿಕ್ಕಿಬಿತ್ತು.

ಧರ್ಮಸ್ಥಳದ ಹತ್ತಿರ, ನೇತ್ರಾವತಿಯ ದಡದಿಂದ ಅರ್ಧ ಗಂಟೆಯ ನಡಿಗೆಯಲ್ಲಿ ಅಜ್ಜಿಯ ಮನೆ. ಅಲ್ಲಿ ಒಲೆಯ ಪಕ್ಕದ ಮೂಲೆಯಲ್ಲಿ, ನಾನು ಹುಟ್ಟುವುದಕ್ಕೆ ಬಹಳ ಮೊದಲಿನಿಂದ ಒಂದು ಮರಿಗೆ ಇತ್ತು. ಒಂದೇ ತುಂಡು ಹಲಸಿನ ಮರವನ್ನು ತೋಡಿ ಮಾಡಿದ್ದು. ಒಂದು ಮೊಳ ಉದ್ದ, ಒಂದು ಗೇಣು ಅಗಲ, ಎರಡು ತುದಿಗೂ ಹಿಡಿದೆತ್ತಲು ಕಿವಿ. ಒಳಗೆ ಕಲ್ಲುಪ್ಪು, ಹೊರಗೆ ಕಾಡಿಗೆಯಂಥ ಕಪ್ಪು. 2022ರಲ್ಲಿ ನಮ್ಮ ವಿಭಾಗದಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಜೊತೆಗೆ ಸಣ್ಣ ಪ್ರದರ್ಶನ; ನನಗೂ ಒಂದು ಮೇಜು ಸಿಕ್ಕಿತು. ಜಿಡ್ಡು ಹಿಡಿದ ಕಪ್ಪು ಮರಿಗೆಯನ್ನು ಹಾಗೆಯೇ ಇಡುವುದು ನನಗೆ ನಾಚಿಕೆ ಅನಿಸಿತು. ಬೆಳ್ತಂಗಡಿಯಿಂದ 80, 120, 220 ನಂಬರಿನ ಉಪ್ಪು ಕಾಗದ, ಅರ್ಧ ಲೀಟರು ವಾರ್ನಿಶ್ ತಂದೆ. ಎರಡು ಹಗಲು ಜಗಲಿಯಲ್ಲಿ ಕೂತು ಉಜ್ಜಿದೆ. ಮೊದಲು ಮಸಿಯಂಥ ಹುಡಿ ಬಂತು, ಆಮೇಲೆ ಕಂದು ಹುಡಿ, ಕೊನೆಗೆ ಹಲಸಿನ ಅರಿಶಿನ ಬಣ್ಣ. ತಳದಲ್ಲಿ ಮೂರು ಗೀರುಗಳಿದ್ದವು. ಯಾರೋ ಕತ್ತಿ ತಾಗಿಸಿದ್ದಾರೆ ಎಂದುಕೊಂಡು ಅವನ್ನೂ ಉಜ್ಜಿ ಸಮ ಮಾಡಿದೆ. ವಾರ್ನಿಶ್ ಹೊಡೆದ ಮೇಲೆ ಮರಿಗೆ ಷೋರೂಮಿನ ಸಾಮಾನಿನ ಹಾಗೆ ಹೊಳೆಯಿತು.

ಪ್ರದರ್ಶನದ ದಿನ ಹಿರಿಯ ಪ್ರಾಧ್ಯಾಪಕರೊಬ್ಬರು ಅದನ್ನು ಎತ್ತಿ, ಮೂಸಿ ನೋಡಿ, ಒಳಗೆ ಬೆರಳಾಡಿಸಿದರು.

"ಎಷ್ಟು ಹಳತು ಇದು?"

"ನೂರು ವರ್ಷ ಆಗಿರಬಹುದು ಸರ್."

"ಇದರಲ್ಲಿ ನೂರು ವರ್ಷ ಇತ್ತಾದರೆ, ಈಗ ಎಲ್ಲಿ ಹೋಯಿತು?"

ಅವರು ಬೈಯುವ ದನಿಯಲ್ಲಿ ಹೇಳಲಿಲ್ಲ. ಕೇಳಿ ಮುಂದಿನ ಮೇಜಿಗೆ ಹೋದರು. ಮರಿಗೆಯನ್ನು ಮನೆಗೆ ತಂದಾಗ ಅಜ್ಜಿ, "ಚಂದ ಆಗಿದೆ ಮಗಾ, ಹೊಸತರ ಹಾಗೆ ಆಗಿದೆ" ಎಂದರು. ಮರುದಿನ ನೋಡಿದರೆ ಉಪ್ಪು ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು. ವಾರ್ನಿಶ್‌ನ ವಾಸನೆ ಉಪ್ಪಿಗೆ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹೇಳಿ ನನ್ನ ಮನಸ್ಸು ನೋಯಿಸುವುದು ಅವರಿಗೆ ಬೇಕಿರಲಿಲ್ಲ.

ಆ ಎರಡು ಹಗಲಿನಲ್ಲಿ ನಾನು ಉಜ್ಜಿ ತೆಗೆದದ್ದು ಏನು? ಕಳೆದ ಮೂರು ವರ್ಷ ನನ್ನ ಅಧ್ಯಯನ ಈ ಪ್ರಶ್ನೆಯ ಹಿಂದೆಯೇ ಹೋಗಿದೆ.

ಮರದ್ದು ಆದ್ದರಿಂದ ಮರಿಗೆ. ತುಳುವಿನಲ್ಲಿ ಮರಾಯಿ. ಆಮೇಲೆ ಕಲ್ಲಿನಲ್ಲಿ ಕಡೆದದ್ದಕ್ಕೂ ಅದೇ ಹೆಸರು ಹೋಗಿ, ಕಲ್ಲು ಮರಿಗೆ ಎಂಬ ವಿಚಿತ್ರ ಜೋಡಿಪದ ಹುಟ್ಟಿತು. ಕರಾವಳಿಯ ಅಡುಗೆಮನೆಯಲ್ಲಿ ಉಪ್ಪಿಗೆ ಮರವೇ ಬೇಕಾದುದಕ್ಕೆ ಕಾರಣವಿದೆ. ಇಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯೇ ಒದ್ದೆ. ಉಪ್ಪು ಆ ನೀರನ್ನು ಹೀರಿ ಕರಗುತ್ತದೆ. ಕಬ್ಬಿಣವಾದರೆ ತುಕ್ಕು, ತಾಮ್ರವಾದರೆ ಕಿಲುಬು. ಮಣ್ಣಿನ ಮಡಕೆಯ ಮೈಯೊಳಗೆ ಉಪ್ಪು ಇಳಿದು ಪದರ ಪದರವಾಗಿ ಉದುರಿಸುತ್ತದೆ. ಮರ ಮಾತ್ರ ನೀರನ್ನು ಸ್ವಲ್ಪ ಕುಡಿದು, ಒಲೆಯ ಬಿಸಿಗೆ ಸ್ವಲ್ಪ ಬಿಟ್ಟು, ಉಪ್ಪಿನ ಜೊತೆ ಹೊಂದಿಕೊಂಡು ಇರುತ್ತದೆ. ಆದರೆ ಹಾಗೆ ಕುಡಿದು ಬಿಡುವ ಮರ ಬಿರಿಯದೆ ಉಳಿಯಬೇಕಾದರೆ ಅದರ ಮೈಗೆ ಎಣ್ಣೆ ಬೇಕು.

ಬೆಳ್ತಂಗಡಿ ಕಡೆಯ ವಯಸ್ಸಾದ ಆಚಾರ್ರೊಬ್ಬರ ಹತ್ತಿರ ಇದನ್ನೆಲ್ಲ ಕೇಳಿ ತಿಳಿದುಕೊಂಡೆ. ಅವರು ಈಗ ಕಿಟಕಿ ಬಾಗಿಲು ಮಾಡುವ ಮಗನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಿರುತ್ತಾರೆ. ಮರಿಗೆ ಮಾಡಿ ನಲವತ್ತು ವರ್ಷವಾಯಿತು ಎಂದರು. ಮರ ಹಸಿಯಾಗಿರುವಾಗಲೇ ಕೊಡಲಿ, ಬಾಚಿಯಿಂದ ದಪ್ಪಕ್ಕೆ ತೋಡಿಕೊಳ್ಳಬೇಕು. ಒಣಗಿದ ಮೇಲೆ ಹಲಸು ಉಳಿಯನ್ನು ಹಿಂದಕ್ಕೆ ತಳ್ಳುತ್ತದೆ. ತೋಡಿದ್ದನ್ನು ಬಿಸಿಲಿಗೆ ಇಡುವ ಹಾಗಿಲ್ಲ, ತುದಿಗಳಲ್ಲಿ ಬಿರುಕು ಬರುತ್ತದೆ. ನೆರಳಿನಲ್ಲಿ, ಉಮಿಯ ರಾಶಿಯೊಳಗೆ ನಿಧಾನ ಒಣಗಬೇಕು. ಮರ ತಿರುಚಿಕೊಳ್ಳುವಷ್ಟು ತಿರುಚಿಕೊಂಡ ಮೇಲೆ ಸಣ್ಣ ಉಳಿಯಿಂದ ಕೊನೆಯ ಕೆತ್ತನೆ. ಆಮೇಲೆ ಒಡೆದ ಗಾಜಿನ ಚೂರಿನ ಅಂಚಿನಿಂದ ಕೆರೆಯುವುದು. ಕೊನೆಗೆ ಎಲೆ.

"ಎಲೆಯಾ?"

"ಗರಗತ್ತಿ ಎಲೆ. ಉಪ್ಪು ಕಾಗದ ನಾವು ನೋಡಿದ್ದು ಆಮೇಲೆ" ಎಂದು, ಮಗನ ಅಂಗಡಿಯ ಹಿಂದಿನ ತೋಡಿನ ಬದಿಗೆ ಕರೆದುಕೊಂಡು ಹೋಗಿ ಮರವನ್ನೇ ತೋರಿಸಿದರು.

ಗರಗತ್ತಿ ಅತ್ತಿಯ ಬಳಗದ ಮರ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಫೈಕಸ್ ಎಕ್ಸಾಸ್ಪೆರಾಟ; ಹೆಸರಿನಲ್ಲೇ ಒರಟು ಎಂಬ ಅರ್ಥವಿದೆ. ಎಲೆಯ ಮೇಲೆ ಬೆರಳಾಡಿಸಿದರೆ ಬೆಕ್ಕಿನ ನಾಲಗೆ ತಾಗಿದ ಹಾಗಾಗುತ್ತದೆ. ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಉಜ್ಜುವ ಮೊದಲು ನೀರು ಚಿಮುಕಿಸಿ ಮೆದು ಮಾಡಿಕೊಳ್ಳಬೇಕು. ನಾನು ಹೋಲಿಸಿ ನೋಡಿದ್ದೇನೆ. ಉಪ್ಪು ಕಾಗದ ಮರಿಗೆಯ ಒಳಬಾಗಿನಲ್ಲಿ ಮಡಿಚಿ ಮುರಿಯುತ್ತದೆ, ಮುರಿದ ಗೆರೆ ಮರದ ಮೇಲೆ ಗೀರು ಬಿಡುತ್ತದೆ. ಎಲೆ ಬೆರಳಿನ ಜೊತೆ ಬಾಗುತ್ತದೆ. ಕೆಲಸ ನಿಧಾನ. ಆದರೆ ಬಾಚಿಯ ಏಟಿನ ಸಣ್ಣ ಅಲೆಗಳನ್ನು ಎಲೆ ಅಳಿಸುವುದಿಲ್ಲ, ಅವುಗಳ ಏಣನ್ನು ಮಾತ್ರ ಮುರಿಯುತ್ತದೆ. ಅದಕ್ಕೇ ಹಳೆಯ ಮರಿಗೆಗಳನ್ನು ಓರೆ ಬೆಳಕಿನಲ್ಲಿ ಹಿಡಿದರೆ ಆಚಾರಿಯ ಕೈ ಬಲಗೈಯೋ ಎಡಗೈಯೋ, ಅವನು ಯಾವ ಕಡೆಯಿಂದ ತೋಡುತ್ತ ಬಂದ ಎಂಬುದನ್ನು ಊಹಿಸಬಹುದು.

ಇದು ನಮ್ಮ ಊರಿನ ಒಂದು ಚಮತ್ಕಾರವೇನೂ ಅಲ್ಲ. ಜಪಾನಿನಲ್ಲಿ ಅರಗಿನ ಕೆಲಸದವರು, ಮರಗೆಲಸದವರು ತೊಕುಸಾ ಎಂಬ ಜೊಂಡಿನಂಥ ಗಿಡವನ್ನೂ ಮುಕು ಎಂಬ ಮರದ ಒರಟು ಎಲೆಯನ್ನೂ ಬಳಸುತ್ತಿದ್ದರು. ಯುರೋಪಿನ ಬಡಗಿಗಳು ಅದೇ ಜೊಂಡಿನ ಬಳಗದ ಗಿಡವನ್ನೂ ಒಣಗಿಸಿದ ಶಾರ್ಕ್ ಚರ್ಮವನ್ನೂ ಬಳಸಿದರು. ಕಾಗದಕ್ಕೆ ಗಾಜಿನ ಹುಡಿ ಅಂಟಿಸಿ ಮಾರುವ ಉದ್ಯಮ ಬೆಳೆದದ್ದು 19ನೇ ಶತಮಾನದಲ್ಲಿ. ನಮ್ಮದೇ ರಾಜ್ಯದ ಚನ್ನಪಟ್ಟಣದಲ್ಲಿ ಈಗಲೂ ಆಲೆ ಮರದ ಆಟಿಕೆಯನ್ನು ಲೇತಿನಲ್ಲಿ ತಿರುಗಿಸಿ, ತಿರುಗುವ ಬಿಸಿಗೇ ಬಣ್ಣದ ಅರಗನ್ನು ಕರಗಿಸಿ ಹಚ್ಚಿ, ಕೊನೆಯ ಹೊಳಪನ್ನು ತಾಳೆಗರಿಯಿಂದ ಕೊಡುತ್ತಾರೆ. ಕೇದಿಗೆ ಬಳಗದ ಗರಿ ಅದು. ಚನ್ನಪಟ್ಟಣದ ಬಟ್ಟಲು ಅಂಗಡಿಗೆ ಹೋಗುವಾಗಲೇ ಪೂರ್ತಿಯಾಗಿರುತ್ತದೆ. ಅರಗು ಮರದ ಬಾಯಿ ಮುಚ್ಚಿಬಿಡುತ್ತದೆ. ನಮ್ಮ ಕಡೆಯ ಮರಿಗೆ ಹಾಗಲ್ಲ. ಆಚಾರಿ ಅದನ್ನು ಅರ್ಧ ಕೆಲಸದಲ್ಲಿ ಕೊಡುತ್ತಿದ್ದ.

ಉಳಿದರ್ಧ ಎಣ್ಣೆಯದು. ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಹೇಳಬೇಕು. ಮರಕ್ಕೆ ಹಾಕುವ ಎಣ್ಣೆಗಳಲ್ಲಿ ಎರಡು ಜಾತಿ. ಅಗಸೆ ಎಣ್ಣೆಯಂಥವು ಗಾಳಿಯ ಆಮ್ಲಜನಕ ಸೇರಿ ನಿಧಾನವಾಗಿ ಗಟ್ಟಿಯಾಗುತ್ತವೆ, ಮರದ ಮೇಲೆ ಪೊರೆಯಾಗುತ್ತವೆ. ಯುರೋಪಿನ ಪೀಠೋಪಕರಣಗಳ ಹೊಳಪು ಬಹಳ ಕಾಲ ನಿಂತಿದ್ದು ಇದರ ಮೇಲೆ. ತೆಂಗಿನೆಣ್ಣೆ ಇನ್ನೊಂದು ಜಾತಿ. ಅದರ ಕೊಬ್ಬಿನ ಸುಮಾರು 90 ಶೇಕಡಾ ಪರ್ಯಾಪ್ತ ಕೊಬ್ಬು. ಗಾಳಿಯ ಜೊತೆ ಅದು ಸೇರುವುದಿಲ್ಲ, ಒಣಗುವುದೂ ಇಲ್ಲ. ಅದಕ್ಕೇ ಮರಗೆಲಸದ ಇಂಗ್ಲಿಷ್ ಪುಸ್ತಕಗಳಲ್ಲಿ ಒಣಗುವ ಎಣ್ಣೆಗಳಿಗೆ ಸಿಗುವ ಮರ್ಯಾದೆ ಇದಕ್ಕಿಲ್ಲ. ಹಚ್ಚಿದ್ದು ಹೀರಿಕೊಳ್ಳುತ್ತದೆ, ತೊಳೆದಾಗ ಹೋಗುತ್ತದೆ, ಮತ್ತೆ ಹಚ್ಚಬೇಕು. ನಮ್ಮಲ್ಲಿ ಒಣಗಿ ಗಟ್ಟಿಯಾಗುವ ಪದಾರ್ಥವೇ ಇರಲಿಲ್ಲ ಎಂದಲ್ಲ. ಜಂತಿ, ಪಕ್ಕಾಸುಗಳಿಗೆ ಗೆದ್ದಲು ಬಾರದಂತೆ ಗೇರೆಣ್ಣೆ ಹಚ್ಚುವುದು ಕರಾವಳಿಯವರಿಗೆಲ್ಲ ಗೊತ್ತು. ಆದರೆ ಗೇರುಬೀಜದ ಸಿಪ್ಪೆಯ ಆ ಎಣ್ಣೆ ಚರ್ಮ ಸುಡುತ್ತದೆ. ಉಣ್ಣುವ ಪಾತ್ರೆಯ ಹತ್ತಿರ ತರುವ ಹಾಗಿಲ್ಲ. ಉಳಿದದ್ದು ತೆಂಗಿನೆಣ್ಣೆ: ಪ್ರತಿ ಮನೆಯಲ್ಲೂ ಇರುವುದು, ತಲೆಗೆ, ದೀಪಕ್ಕೆ, ಒಗ್ಗರಣೆಗೆ ಬಳಸುವುದು.

ಹಾಗಾದರೆ ಒಣಗದ ಎಣ್ಣೆಯಿಂದ ಆ ಕಾಡಿಗೆ ಕಪ್ಪು ಹೇಗೆ ಬಂತು? ಅಜ್ಜಿಯ ಅಡುಗೆಮನೆಯಲ್ಲಿ ಒಂದು ಮಳೆಗಾಲ ಪೂರ್ತಿ ಕೂತ ಮೇಲೆ ಉತ್ತರ ಹೊಳೆಯಿತು. ಮರಿಗೆ ಒಲೆಯ ಪಕ್ಕ ಇರುತ್ತದೆ. ಕಟ್ಟಿಗೆಯ ಹೊಗೆ ಎಣ್ಣೆಯ ಜಿಡ್ಡಿನ ಮೇಲೆ ಕೂರುತ್ತದೆ. ಉಪ್ಪು ತೆಗೆಯುವ ಕೈ ಅದನ್ನು ಒರೆಸಿ ಒಳಗೆ ತಳ್ಳುತ್ತದೆ. ಹಲಸಿನ ಮರವೂ ತಾನಾಗಿ ವರ್ಷದಿಂದ ವರ್ಷಕ್ಕೆ ಕೆಂಪಾಗಿ, ಕಂದಾಗಿ ಕಪ್ಪಿನತ್ತ ಹೋಗುತ್ತದೆ. ಎಣ್ಣೆ, ಹೊಗೆ, ಕೈ, ಮರ ನಾಲ್ಕೂ ಸೇರಿ ಮಾಡಿದ್ದು ಆ ಪದರ. ಸಾರು ಬಡಿಸಿ ಕೈ ತೊಳೆಯುವ ಮೊದಲು, ತಲೆಗೆ ಎಣ್ಣೆ ಹಚ್ಚಿ ಅಂಗೈಯಲ್ಲಿ ಉಳಿದಾಗ, ಅಜ್ಜಿಯ ಕೈ ತಾನಾಗಿ ಮರಿಗೆಯ ಅಂಚಿಗೆ ಹೋಗುತ್ತಿತ್ತು. ಆಟಿಗೆ ಮೊದಲು ಒಮ್ಮೆ, ದೀಪಾವಳಿಗೆ ಒಮ್ಮೆ ಉಪ್ಪು ಖಾಲಿ ಮಾಡಿ ಬಿಸಿ ಎಣ್ಣೆ ಕುಡಿಸುವುದು ಬೇರೆ. "ಮರಿಗೆಗೆ ಎಣ್ಣೆ ಹಚ್ಚುವುದನ್ನು ಯಾರು ಹೇಳಿಕೊಟ್ಟರು?" ಎಂದು ಕೇಳಿದೆ. "ಅದನ್ನು ಹೇಳಿಕೊಡ್ಲಿಕ್ಕೆ ಏನಿದೆ? ಅತ್ತೆ ಹಚ್ಚುತ್ತಿದ್ದರು" ಎಂದರು.

ಅಗಸೆ ಎಣ್ಣೆಯ ಬಗ್ಗೆ ಇಂಗ್ಲಿಷಿನ ಬಡಗಿಗಳಲ್ಲಿ ಒಂದು ಹೇಳಿಕೆ ಇದೆ: ಮೊದಲ ವಾರ ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಕೊನೆಗೆ ಬದುಕಿರುವ ತನಕ ವರ್ಷಕ್ಕೊಮ್ಮೆ ಹಚ್ಚಬೇಕು ಎಂಬ ಅರ್ಥದ್ದು. ಇದನ್ನು ಆಚಾರ್ರಿಗೆ ಹೇಳಿದಾಗ ಅವರು ನಕ್ಕರು. "ಬದುಕಿರುವ ತನಕ ಅಂದರೆ ಯಾರು? ಮರಿಗೆ ಮೂರು ತಲೆ ಬದುಕುತ್ತದೆ."

ಇಷ್ಟಾದ ಮೇಲೆ ನಾನು ಗ್ರಂಥಾಲಯಕ್ಕೆ ಹೋದೆ. ಇತಿಹಾಸದ ವಿದ್ಯಾರ್ಥಿಗೆ ಬಾಯಿಮಾತು ಸಾಲದು, ಬರಹದ ಆಧಾರ ಬೇಕು ಎಂದು ಕಲಿಸಿರುತ್ತಾರಲ್ಲ. ಟಿಪ್ಪು ಸುಲ್ತಾನ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕಾಗಿ ಫ್ರಾನ್ಸಿಸ್ ಬುಕಾನನ್ 1801ರ ಆರಂಭದಲ್ಲಿ ಮಂಗಳೂರು, ಮೂಡುಬಿದಿರೆ ಭಾಗಗಳಲ್ಲಿ ಓಡಾಡಿದ; ಅವನ ಪ್ರವಾಸದ ಮೂರು ಸಂಪುಟಗಳು 1807ರಲ್ಲಿ ಅಚ್ಚಾದವು. 1894 ಮತ್ತು 1895ರಲ್ಲಿ ಸ್ಟರಕ್ ಮತ್ತು ಸ್ಟುವರ್ಟ್ ಬರೆದ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಗಳು ಬಂದವು. ಆಗ ನಮ್ಮ ಬೆಳ್ತಂಗಡಿ ಉಪ್ಪಿನಂಗಡಿ ತಾಲೂಕಿನೊಳಗಿತ್ತು. ಈ ಬರಹಗಳ ಕಣ್ಣು ಇದ್ದದ್ದು ಗದ್ದೆ, ತೆರಿಗೆ, ಕಾಡು, ರಫ್ತಿನ ಮೇಲೆ. ಅದೇ ಕಾಲದಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಎರಡು ದೊಡ್ಡ ನಿಘಂಟುಗಳು ಹೊರಬಂದವು: 1886ರಲ್ಲಿ ಮೆನ್ನರ್ ಅವರ ತುಳು ನಿಘಂಟು, 1894ರಲ್ಲಿ ಕಿಟ್ಟೆಲ್ ಅವರ ಕನ್ನಡ ನಿಘಂಟು. ಪಾತ್ರೆಗಳ ಹೆಸರು ಹುಡುಕುವ ನನ್ನಂಥವರಿಗೆ ಇವೆರಡೂ ದೊಡ್ಡ ಆಸರೆ. ಆದರೆ ನಿಘಂಟು ವಸ್ತು ಯಾವುದೆಂದು ಹೇಳುತ್ತದೆ, ಅದನ್ನು ಯಾರು ಎಷ್ಟು ವರ್ಷ ಒರೆಸಿದರು ಎಂದು ಹೇಳುವುದು ಅದರ ಕೆಲಸವಲ್ಲ.

ಮರದ ಪಾತ್ರೆಯ ಮೈಯ ಬಗ್ಗೆ ನನಗೆ ಸಿಕ್ಕ ಅತ್ಯಂತ ಹಳೆಯ ಮಾತು ನಿರೀಕ್ಷಿಸದ ಕಡೆಯಿಂದ ಬಂತು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ವಸ್ತುಗಳ ಶುದ್ಧಿಯ ನಿಯಮಗಳಿವೆ. ಲೋಹಕ್ಕೆ ಬೂದಿ, ನೀರು, ಮಣ್ಣು. ಮರದ ವಸ್ತುವಿಗೆ ಹೇಳಿರುವುದು ಕೆತ್ತುವುದು, ಅಂದರೆ ಮೇಲ್ಪದರವನ್ನು ಹೆರೆದು ತೆಗೆಯುವುದು. ಮರ ಮುಟ್ಟಿದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ, ತೊಳೆದರೆ ಹೋಗುವುದಿಲ್ಲ ಎಂಬುದು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಬೇಡದ ಕೈ ಮುಟ್ಟಿದ್ದರೆ ಆ ಕೈಯ ಗುರುತನ್ನು ಮರದ ಸಮೇತ ಕಿತ್ತು ಹಾಕಬೇಕು. ಅದನ್ನು ಓದಿದ ದಿನ ನನ್ನ 80 ನಂಬರಿನ ಕಾಗದ ನೆನಪಾಗಿ ಒಂಥರಾ ಆಯಿತು. ನನಗೆ ಮೈಲಿಗೆಯ ಯೋಚನೆ ಇರಲಿಲ್ಲ. ಆದರೂ ನಾನು ಸ್ವಚ್ಛ ಎಂದುಕೊಂಡು ಮಾಡಿದ್ದು ಅದನ್ನೇ: ಹಿಂದಿನವರ ಕೈಯನ್ನು ಹೆರೆದು ತೆಗೆದೆ.

ಯಾರ ಕೈ ಎಂಬುದೇ ಈಗ ನನ್ನನ್ನು ಕಾಡುವ ಪ್ರಶ್ನೆ. ಅಜ್ಜಿಯ ಮಾವ ಗೇಣಿ ಒಕ್ಕಲಾಗಿದ್ದವರು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ, ನಮ್ಮ ಕಡೆ ಈಗಲೂ ಜನ ಡಿಕ್ಲರೇಶನ್ ಎನ್ನುವ ಆ ಕಾಲದಲ್ಲಿ, ಉಳುತ್ತಿದ್ದ ಗದ್ದೆ ನಮ್ಮದಾಯಿತು. ಅದಕ್ಕೆ ಮೊದಲೇ ದೊಡ್ಡ ಮನೆಗಳು ಒಡೆಯತೊಡಗಿದ್ದವು. ಹೆಣ್ಣಿನ ಸಂತತಿಯ ಮೂಲಕ ಆಸ್ತಿ ಇಳಿಯುವ ಅಳಿಯಸಂತಾನದ ಕುಟುಂಬಗಳಲ್ಲಿ ಪಾಲು ಕೇಳುವ ಹಕ್ಕು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಿಂದ ಬಂತು. ನೂರು ಜನಕ್ಕೆ ಅನ್ನ ಬಸಿಯುವ ಮನೆ ನಾಲ್ಕು ಜನರ ಮನೆಯಾದರೆ ಆಳುದ್ದದ ಮರಿಗೆ ಯಾರಿಗೆ ಬೇಕು? ಕೆಲವು ಗುಜರಿಗೆ ಹೋದವು, ಕೆಲವು ಒಕ್ಕಲಿನ ಮನೆಗೆ ಬಂದವು. ಲೋಹವೂ ಅಗ್ಗವಾಗಿತ್ತು. 1898ರಲ್ಲಿ ಮದ್ರಾಸಿನ ಕಲಾಶಾಲೆಯಲ್ಲಿ ಆಲ್‌ಫ್ರೆಡ್ ಚಾಟರ್‌ಟನ್ ಅಲ್ಯೂಮಿನಿಯಂ ಪಾತ್ರೆ ಮಾಡಿಸತೊಡಗಿದಾಗ ನಮ್ಮ ಜಿಲ್ಲೆಯೂ ಮದ್ರಾಸ್ ಪ್ರಾಂತ್ಯದ್ದೇ. ಅಲ್ಯೂಮಿನಿಯಂ, ಆಮೇಲೆ ಸ್ಟೀಲ್, ಆಮೇಲೆ ಪ್ಲಾಸ್ಟಿಕ್. ಇವುಗಳಿಗೆ ವರ್ಷಕ್ಕೆರಡು ಸಲ ಎಣ್ಣೆ ಕುಡಿಸಬೇಕಾಗಿಲ್ಲ. ಅಡುಗೆಮನೆಯ ಹೆಂಗಸರಿಗೆ ಇದರಿಂದ ಒಂದು ಕೆಲಸ ಕಡಿಮೆಯಾಯಿತು ಎಂಬುದನ್ನೂ ಮರೆಯಬಾರದು. ಮರಿಗೆ ಹೋಯಿತೆಂದು ಅಳುವವರಲ್ಲಿ ಅದನ್ನು ಒರೆಸಿದವರು ಕಡಿಮೆ.

ನಮ್ಮ ಮರಿಗೆ ದೊಡ್ಡ ಮನೆಯಿಂದ ಬಂದದ್ದೋ, ನಮ್ಮವರೇ ಅಕ್ಕಿ ಕೊಟ್ಟು ಮಾಡಿಸಿದ್ದೋ? ತಳದ ಮೂರು ಗೀರುಗಳು ಅದನ್ನು ಹೇಳುತ್ತಿದ್ದವು. ಅಜ್ಜಿಗೆ ಗೀರುಗಳ ನೆನಪಿದೆ. "ಅದು ಗುರುತು. ಮದುವೆ ಮನೆಗೆ ಪಾತ್ರೆ ಕೊಟ್ಟರೆ ಬದಲಾಗಬಾರದಲ್ಲ, ಅದಕ್ಕೆ. ಯಾರ ಗುರುತು ಅಂತ ನಮ್ಮ ಅತ್ತೆಗೆ ಗೊತ್ತಿತ್ತು" ಎಂದರು. ಅತ್ತೆ ತೀರಿಕೊಂಡು ಮೂವತ್ತು ವರ್ಷವಾಗಿದೆ. ಆಸುಪಾಸಿನ ಮನೆಗಳಲ್ಲಿ ಅಂಥ ಗುರುತಿರುವ ಇನ್ನೊಂದು ಪಾತ್ರೆ ಸಿಕ್ಕಿದರೂ ಹೋಲಿಸಲು ನನ್ನಲ್ಲಿ ಒಂದು ಫೋಟೋ ಕೂಡ ಇಲ್ಲ. ಉಜ್ಜುವ ಮೊದಲು ಚಿತ್ರ ತೆಗೆದುಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ. ಉಜ್ಜಿ ಹೊಳಪು ಬಂದ ಮೇಲೆ ಹದಿನೇಳು ಚಿತ್ರ ತೆಗೆದಿದ್ದೆ.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಚಿಕ್ಕಂದಿನಿಂದ ಎಷ್ಟೋ ಸಲ ಹೋಗಿದ್ದೇನೆ. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುವರ ಮನೆ, ಗದ್ದೆಗಳ ಸಾಮಾನುಗಳನ್ನು ಒಟ್ಟು ಮಾಡಿ ಇಟ್ಟಿದ್ದಾರೆ. ಇಂಥ ಜಾಗಗಳು ಇಲ್ಲದಿದ್ದರೆ ನನ್ನ ಅಧ್ಯಯನವೇ ಇಲ್ಲ. ಈಗ ಅಲ್ಲಿಗೆ ಹೋದಾಗ ನಾನು ವಸ್ತುವಿನ ಆಕಾರಕ್ಕಿಂತ ಮೊದಲು ಮೈ ನೋಡುತ್ತೇನೆ. ಅಂಚು ಎಲ್ಲಿ ಸವೆದಿದೆ, ಕಪ್ಪು ಎಲ್ಲಿ ದಪ್ಪ, ಎಲ್ಲಿ ಕೈ ಬಿದ್ದು ತೆಳುವಾಗಿದೆ. ಉಪ್ಪಿನ ಮರಿಗೆಯ ಒಂದು ಬದಿಯ ಅಂಚು ಇನ್ನೊಂದಕ್ಕಿಂತ ತಗ್ಗಿದ್ದರೆ ಅದು ಒಲೆಯ ಯಾವ ಬದಿಗಿತ್ತೆಂದು ಊಹಿಸಬಹುದು. ವಸ್ತು, ಊರು, ಕಾಲ ಎಂಬ ಮೂರು ಸಾಲು ನಾವು ಸಾಮಾನ್ಯವಾಗಿ ಬರೆಯುತ್ತೇವೆ. ಮೈಯ ಸ್ಥಿತಿ ಎಂಬ ನಾಲ್ಕನೆಯ ಸಾಲು ನನ್ನ ಪ್ರಬಂಧದ ಎಲ್ಲ ಪಟ್ಟಿಗಳಲ್ಲೂ ಈಗ ಇದೆ. ಅಲ್ಲಿ ಹೆಸರು ಬರೆಯಲು ಆಗುವುದಿಲ್ಲ. ಆದರೆ ಮಾಡಿದವರ ಕೈ, ಕಾಪಾಡಿದವರ ಕೈ ಎರಡನ್ನೂ ಬೇರೆ ಬೇರೆ ಗುರುತಿಸಲು ಆಗುತ್ತದೆ.

2023ರ ಬೇಸಿಗೆಯಲ್ಲಿ ಮರಿಗೆಯನ್ನು ಆಚಾರ್ರ ಹತ್ತಿರ ಒಯ್ದೆ. ಅವರು ಅದನ್ನು ತಿರುಗಿಸಿ ನೋಡಿ ಏನೂ ಹೇಳದೆ ಗಾಜಿನ ಚೂರು ಹುಡುಕಿದರು. ವಾರ್ನಿಶ್ ಹಾಳೆ ಹಾಳೆಯಾಗಿ ಬಂತು. ಗರಗತ್ತಿ ಎಲೆಯ ಕೆಲಸ ನನ್ನಿಂದಲೇ ಮಾಡಿಸಿದರು: ಉಜ್ಜುವುದು, ನೀರು ಸವರುವುದು, ಒಣಗಿದಾಗ ಎದ್ದ ಮರದ ನವಿರನ್ನು ಮತ್ತೆ ಉಜ್ಜುವುದು. ನಾಲ್ಕು ದಿನ ಹಿಡಿಯಿತು. ಮನೆಗೆ ತಂದ ಮೇಲೆ ಅಜ್ಜಿ ಎಣ್ಣೆ ಬಿಸಿ ಮಾಡಿದರು. ನಾನು ಸುರಿದು ತುಂಬಿಸಲು ಹೊರಟರೆ ಕೈ ಹಿಡಿದರು. "ಅಷ್ಟು ಬೇಡ. ಕುಡಿದಷ್ಟೇ ಕೊಡಬೇಕು, ಉಳಿದದ್ದು ಒರೆಸು. ಇಲ್ಲದಿದ್ದರೆ ಮುಗ್ಗಲು ವಾಸನೆ ಬರ್ತದೆ."

ಅಲ್ಲಿಂದ ಮೂರು ಮಳೆಗಾಲ ಕಳೆದಿದೆ. ಮರಿಗೆಯ ಅರಿಶಿನ ಬಣ್ಣ ಈಗ ಬೆಲ್ಲದ ಬಣ್ಣಕ್ಕೆ ಬಂದಿದೆ. ಎರಡನೆಯ ವರ್ಷದ ಆಟಿಯಲ್ಲಿ ಅಜ್ಜಿ ಯಾರಿಗೂ ಹೇಳದೆ ಉಪ್ಪನ್ನು ಡಬ್ಬಿಯಿಂದ ಮರಿಗೆಗೆ ಸುರಿದಿದ್ದರು. ನನ್ನ ಪ್ರಬಂಧದ ಪಟ್ಟಿಯಲ್ಲಿ ಅದೂ ಒಂದು ವಸ್ತು. ಮೈಯ ಸ್ಥಿತಿ ಎಂಬಲ್ಲಿ ಹೀಗೆ ಬರೆದಿದ್ದೇನೆ: "ಮೂಲ ಮೇಲ್ಮೈ ಮತ್ತು ತಳದ ಮೂರು ಗೀರಿನ ಗುರುತು 2022ರಲ್ಲಿ ಸಂಶೋಧಕರಿಂದಲೇ ನಾಶ. ಈಗಿನ ಎಣ್ಣೆಯ ಪದರ 2023ರಿಂದ." ಮಾರ್ಗದರ್ಶಕರು ಆ ಸಾಲು ಬೇಕೇ ಎಂದು ಕೇಳಿದರು. ಇರಲಿ ಎಂದೆ.